ದೋಣಿ ಇಂಜಿನ್: ಸ್ಕ್ರೂ ತಿರುಗಿಸುವ ಮುನ್ನ ಬಾಟಲಿ ಹಿಡಿಯಿರಿ

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್‌ಬೋಟ್, ಪರ್ಸೀನ್ ಬೋಟ್‌ಗಳೆಲ್ಲ ದಕ್ಕೆಯಲ್ಲಿ ನಿಂತಿರುವ 61 ದಿನ ನಮ್ಮ ಕರಾವಳಿಯ ನಾಡದೋಣಿಗಳಿಗೆ ದುಡಿಮೆಯ ಕಾಲ. 10 ಅಶ್ವಶಕ್ತಿಯವರೆಗಿನ ಔಟ್‌ಬೋರ್ಡ್ ಇಂಜಿನ್ ಕಟ್ಟಿಕೊಂಡ ದೋಣಿಗಳು ಆಗ ಕಡಲಿಗಿಳಿಯಬಹುದು. ಕಡಲು ವರ್ಷದಲ್ಲೇ ಅತಿ ಒರಟಾಗಿರುವುದೂ ಆ ದಿನಗಳಲ್ಲೇ. ಗಂಗೊಳ್ಳಿ ಅಳಿವೆಯಲ್ಲಿ ಐದು ಹೊಳೆಗಳ ನೀರು ಹೊರಗೆ ನುಗ್ಗುತ್ತಿರುವಾಗ, ಎದುರಿನಿಂದ ಅಲೆ ಏರಿ ಬರುತ್ತಿರುವಾಗ ಇಂಜಿನ್ ನಿಂತುಹೋದರೆ ದೋಣಿ ಅಡ್ಡ ತಿರುಗಲು ಎರಡು ಅಲೆ ಸಾಕು. ಹಾಗಾಗಿ ಈ ಚಿಕ್ಕ ಇಂಜಿನ್‌ಗಳ ಸ್ಟಾರ್ಟಿಂಗ್ ಟ್ರಬಲ್ ಮತ್ತು ಮಿಸ್ ಹೊಡೆತದ (ಸಿಲಿಂಡರ್ ಉರಿಯದೆ ಇಂಜಿನ್ ಕುಂಟುವುದರ) ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ, ಆದರೂ ಮಳೆಗಾಲ ಶುರುವಾಗುವ ಮೊದಲೇ ಪ್ರಕಟಿಸಬೇಕೆಂದು ಕೋರಿಕೆ.

ಹಗ್ಗ ಹತ್ತು ಸಲ ಎಳೆದರೂ ಇಂಜಿನ್ ಹಿಡಿಯದಿದ್ದರೆ ಎಲ್ಲರ ಕೈ ಮೊದಲು ಹೋಗುವುದು ಇಂಧನಕ್ಕೆ ಗಾಳಿ ಬೆರೆಸುವ ಕಾರ್ಬೊರೇಟರಿನ ಸ್ಕ್ರೂಗೆ. ಅರ್ಧ ಸುತ್ತು ಆ ಕಡೆ, ಒಂದು ಸುತ್ತು ಈ ಕಡೆ. ಜೊತೆಗೆ ಕಿಡಿ ಹಾರಿಸುವ ಹೊಸ ಪ್ಲಗ್ಗು, ಹೊಸ ಎಣ್ಣೆ, ಅಂದರೆ ಪೆಟ್ರೋಲ್ ಅಥವಾ ಸೀಮೆಎಣ್ಣೆ. ಒಟ್ಟಿಗೆ ಮೂರು ಬದಲಾವಣೆ ಮಾಡಿದ ಮೇಲೆ ಇಂಜಿನ್ ಹಿಡಿದರೂ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ. ಹಿಡಿಯದಿದ್ದರಂತೂ ಮೊದಲಿದ್ದ ಒಂದು ದೋಷಕ್ಕೆ ಇನ್ನೆರಡು ಸೇರಿರುತ್ತವೆ. ನಿನ್ನೆ ಸಂಜೆ ಸರಿಯಾಗಿ ಓಡಿದ ಇಂಜಿನಿನ ಸ್ಕ್ರೂ ರಾತ್ರಿ ತಾನಾಗಿ ತಿರುಗಿರುವುದಿಲ್ಲ. ರಾತ್ರಿ ಬದಲಾಗಿರಬಹುದಾದದ್ದು ಎಣ್ಣೆ, ತೇವ, ಉಪ್ಪು ಇವಿಷ್ಟೇ. ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು.

ಮುಚ್ಚಳ ಬಿಚ್ಚುವ ಮೊದಲು ಅರ್ಧ ನಿಮಿಷದ ಕೆಲಸ ಒಂದಿದೆ. ಸ್ಟಾಪ್ ಸ್ವಿಚ್ಚಿನ ಕೆಂಪು ಹಗ್ಗದ ಕ್ಲಿಪ್ ಜಾಗದಲ್ಲಿದೆಯೇ, ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ಸಡಿಲಿಸಿದೆಯೇ, ಪೈಪಿನ ಕನೆಕ್ಟರ್ ಕಟ್ ಎಂದು ಕೂತಿದೆಯೇ ನೋಡಿ. ಗಾಳಿ ಸ್ಕ್ರೂ ಮುಚ್ಚಿದ್ದರೆ ಇಂಜಿನ್ ಚೆನ್ನಾಗಿಯೇ ಸ್ಟಾರ್ಟ್ ಆಗಿ, ಹತ್ತು ನಿಮಿಷ ಓಡಿ, ಟ್ಯಾಂಕಿನೊಳಗೆ ನಿರ್ವಾತ ಏರ್ಪಟ್ಟ ಮೇಲೆ ಉಸಿರು ಕಟ್ಟಿದಂತೆ ನಿಲ್ಲುತ್ತದೆ. ಹತ್ತು ನಿಮಿಷವೆಂದರೆ ಅನೇಕ ಕಡೆ ಸರಿಯಾಗಿ ಅಳಿವೆ ಬಾಯಿಗೆ ತಲುಪುವ ಹೊತ್ತು.

ಆಮೇಲೆ ಪೈಪಿನ ನಡುವಿನ ರಬ್ಬರ್ ಬಲ್ಬ್. ಅದರ ಮೇಲಿನ ಬಾಣದ ಗುರುತು ಇಂಜಿನ್ ಕಡೆಗಿರಬೇಕು. ಬಲ್ಬನ್ನು ಹಿಚುಕುತ್ತ ಹೋದರೆ ಐದಾರು ಸಲಕ್ಕೆ ಗಟ್ಟಿಯಾಗಿ, ಹಾಗೆಯೇ ನಿಲ್ಲಬೇಕು. ಎಷ್ಟು ಹಿಚುಕಿದರೂ ಮೆತ್ತಗಿದ್ದರೆ ಟ್ಯಾಂಕಿನ ಕಡೆಯಿಂದ ಏರ್ ಹಿಡಿಯುತ್ತಿದೆ, ಇಲ್ಲವೇ ಕಾರ್ಬೊರೇಟರಿನ ನೀಡಲ್ ವಾಲ್ವ್ ಕೂರದೆ ಎಣ್ಣೆ ಓವರ್‌ಫ್ಲೋ ಆಗುತ್ತಿದೆ. ಎರಡನೆಯದಾದರೆ ಕಾರ್ಬೊರೇಟರಿನ ಬಾಯಿಯಲ್ಲಿ ಎಣ್ಣೆ ತೊಟ್ಟಿಕ್ಕುವುದು ಕಾಣುತ್ತದೆ. ಇಂಜಿನ್ ಓಡುತ್ತಿರುವಾಗ ಬಲ್ಬ್ ಚಪ್ಪಟೆಯಾಗಿ ಒಳಗೆಳೆದುಕೊಂಡರೆ ಟ್ಯಾಂಕಿನ ಕಡೆ ಎಲ್ಲೋ ಕಟ್ಟಿದೆ: ಗಾಳಿ ಸ್ಕ್ರೂ, ತಳದ ಜಾಲರಿ ಅಥವಾ ಒಳಪದರ ಕಿತ್ತುಬಂದ ಹಳೆಯ ಪೈಪು. ಇನ್ನೊಂದು ಗುರುತು ಬಹಳ ಉಪಯುಕ್ತ. ಓಡುತ್ತ ಓಡುತ್ತ ಇಂಜಿನ್ ಸೊರಗಿದಾಗ ಒಬ್ಬರು ಬಲ್ಬ್ ಹಿಚುಕುತ್ತಿದ್ದರೆ ಮತ್ತೆ ಚೇತರಿಸಿಕೊಳ್ಳುತ್ತದೆ ಎಂದಾದರೆ ಪ್ಲಗ್ಗು, ಕಾಯಿಲ್ ಮುಟ್ಟಲೇಬೇಡಿ. ತೊಂದರೆ ಎಣ್ಣೆ ಬರುವ ದಾರಿಯಲ್ಲಿದೆ, ಬಹುಪಾಲು ಫ್ಯೂಯಲ್ ಪಂಪಿನ ಡಯಾಫ್ರಾಮಿನಲ್ಲಿ. ಈ ಪಂಪ್ ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತದಿಂದ ಕೆಲಸ ಮಾಡುತ್ತದೆ. ಅದರ ತೆಳು ಪೊರೆ ಬಿರುಕು ಬಿಟ್ಟರೆ ಒಂದು ಕಡೆ ಕಾರ್ಬೊರೇಟರಿಗೆ ಎಣ್ಣೆ ಸಾಲುವುದಿಲ್ಲ, ಇನ್ನೊಂದು ಕಡೆ ಒತ್ತಡದ ತೂತಿನ ಮೂಲಕ ಹಸಿ ಎಣ್ಣೆ ನೇರವಾಗಿ ಒಂದು ಸಿಲಿಂಡರಿನ ಕಡೆಗೆ ಇಳಿಯುತ್ತದೆ. ಎರಡು ಸಿಲಿಂಡರಿನ ಇಂಜಿನಿನಲ್ಲಿ ಒಂದೇ ಪ್ಲಗ್ ಪದೇ ಪದೇ ಒದ್ದೆಯಾಗುವುದಕ್ಕೆ ಇದೊಂದು ಕಾರಣ. ಪ್ಲಗ್ ಬದಲಿಸಿ ಬದಲಿಸಿ ದುಡ್ಡು ಸುರಿದವರು ಪಂಪಿನ ನಾಲ್ಕು ಸ್ಕ್ರೂ ಬಿಚ್ಚಿ ಆ ಪೊರೆಯನ್ನು ಬೆಳಕಿಗೆ ಹಿಡಿದು ನೋಡಿದ್ದರೆ ಸಾಕಿತ್ತು.

ಈಗ ಬಾಟಲಿ. ಕಾರ್ಬೊರೇಟರಿನಲ್ಲಿ ಎಣ್ಣೆ ನಿಲ್ಲುವ ಬೌಲಿನ ತಳದಲ್ಲಿ ಡ್ರೈನ್ ಸ್ಕ್ರೂ ಇರುತ್ತದೆ. ತೊಳೆದು ಒಣಗಿಸಿದ ಬಿಳಿ ಗಾಜಿನ ಬಾಟಲಿಯನ್ನು ಅದರ ಕೆಳಗೆ ಹಿಡಿದು, ಸ್ಕ್ರೂ ಸಡಿಲಿಸಿ, ಬೌಲಿನಲ್ಲಿರುವುದನ್ನೆಲ್ಲ ಇಳಿಸಿಕೊಳ್ಳಿ. ಎರಡು ನಿಮಿಷ ಅಲ್ಲಾಡಿಸದೆ ಇಟ್ಟು ಬೆಳಕಿಗೆ ಹಿಡಿಯಿರಿ. ನೀರಿದ್ದರೆ ತಳದಲ್ಲಿ ಗುಂಡಗೆ, ಪಾದರಸದ ಹಾಗೆ ಉರುಳಾಡುತ್ತದೆ. ಸೀಮೆಎಣ್ಣೆ ನೀಲಿಯಾಗಿದ್ದರೆ ಇನ್ನೂ ಸುಲಭ: ಬಣ್ಣವಿಲ್ಲದ ಗುಳ್ಳೆ ಅಂದರೆ ನೀರು. ಜೊತೆಗೆ ಬಿಳಿ ಪುಡಿ ಅಥವಾ ಹಸಿರು ಕಿಲುಬು ಇಳಿದರೆ ಉಪ್ಪುನೀರು ಒಳಗೆ ಬಂದು ಬಹಳ ದಿನವಾಗಿದೆ, ಬೌಲ್ ಬಿಚ್ಚಲೇಬೇಕು. ಏನೂ ಇಳಿಯದಿದ್ದರೆ ಎಣ್ಣೆಯೇ ಬರುತ್ತಿಲ್ಲ. ಬಾಟಲಿ ಇಷ್ಟು ಹೇಳಿದ ಮೇಲೆ ಮುಂದಿನ ಕೆಲಸ ಅರ್ಧಕ್ಕಿಳಿಯುತ್ತದೆ. ಟ್ಯಾಂಕಿನ ತಳದಿಂದಲೂ ಹಾಗೆಯೇ ಒಂದು ಸ್ಯಾಂಪಲ್ ತೆಗೆಯಿರಿ. ಟ್ಯಾಂಕನ್ನು ಒಂದು ಮೂಲೆಗೆ ವಾಲಿಸಿಟ್ಟು ಸ್ವಲ್ಪ ಹೊತ್ತು ಬಿಟ್ಟರೆ ನೀರು ಆ ಮೂಲೆಗೆ ಸೇರುತ್ತದೆ, ಅಲ್ಲಿಂದ ಪೈಪ್ ಇಳಿಸಿ ಎಳೆಯಬೇಕು.

ಈ ನೀರು ಎಲ್ಲಿಂದ ಬಂತು ಎಂದು ಅನೇಕರು ಎಣ್ಣೆ ಕೊಟ್ಟವರ ಮೇಲೆ ಸಂಶಯಪಡುತ್ತಾರೆ. ಕೆಲವು ಸಲ ಅದು ನಿಜವಿರಬಹುದು. ಆದರೆ ಮನೆ ಹಿತ್ತಲಲ್ಲಿ, ಶೆಡ್ಡಿನ ಹೊರಗೆ ನೆಟ್ಟಗೆ ನಿಲ್ಲಿಸಿದ ಬ್ಯಾರೆಲ್ಲೂ ಅಷ್ಟೇ ಕಾರಣ. ಬ್ಯಾರೆಲ್ಲಿನ ತಲೆಯ ಮೇಲೆ ಅಂಚಿನೊಳಗೆ ಮಳೆನೀರು ನಿಲ್ಲುತ್ತದೆ. ಹಗಲಿನ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ಸಂದಿಯಿಂದ ಹೊರಹೋಗುತ್ತದೆ. ರಾತ್ರಿ ತಣಿದಾಗ ಅದೇ ಸಂದಿಯಿಂದ ಒಳಗೆ ಎಳೆದುಕೊಳ್ಳುತ್ತದೆ, ಈ ಸಲ ಗಾಳಿಯ ಬದಲು ನೀರು. ಮುಚ್ಚಳ ಬಿಗಿಯಾಗಿದ್ದರೂ ಹೀಗಾಗಬಹುದು. ಬ್ಯಾರೆಲ್ ಅಡ್ಡ ಮಲಗಿಸಿ, ಎರಡೂ ಮುಚ್ಚಳಗಳು ಒಂದೇ ಮಟ್ಟದಲ್ಲಿ ಎಣ್ಣೆಯಲ್ಲಿ ಮುಳುಗಿರುವಂತೆ ಇಟ್ಟರೆ ನೀರು ಎಳೆಯುವುದು ನಿಲ್ಲುತ್ತದೆ. ಜಾಗವಿಲ್ಲದಿದ್ದರೆ ತಲೆಯ ಮೇಲೆ ತಗಡೋ ಟಾರ್ಪಾಲೋ ಮುಚ್ಚಿ, ನೀರು ನಿಲ್ಲದಂತೆ ಸ್ವಲ್ಪ ವಾಲಿಸಿಡಿ.

ಪೆಟ್ರೋಲಿನ ಕತೆ ಬೇರೆ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಬಹಳಷ್ಟು ಔಟ್‌ಬೋರ್ಡ್ ತಯಾರಕರು ತಮ್ಮ ಕೈಪಿಡಿಗಳಲ್ಲಿ ಹಾಕಿರುವ ಮಿತಿ ಶೇ 10. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಒಂದು ಮಟ್ಟದವರೆಗೆ ನೀರು ಪೆಟ್ರೋಲಿನಲ್ಲೇ ಕರಗಿರುತ್ತದೆ. ಅದು ಮೀರಿದ ಕ್ಷಣ ಎಥೆನಾಲ್ ಮತ್ತು ನೀರು ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಟ್ಯಾಂಕಿನ ಪೈಪ್ ಎಣ್ಣೆ ಎಳೆಯುವುದು ಆ ತಳದಿಂದಲೇ. ಟೂ-ಸ್ಟ್ರೋಕ್ ಇಂಜಿನಿಗೆ ಇದರಲ್ಲಿ ಎರಡು ಪಟ್ಟು ಅಪಾಯವಿದೆ: ಬೆರೆಸಿದ ಆಯಿಲ್ (ಕೀಲೆಣ್ಣೆ) ಮೇಲಿನ ಪೆಟ್ರೋಲ್ ಪದರದಲ್ಲೇ ಉಳಿಯುತ್ತದೆ, ಹಾಗಾಗಿ ಇಂಜಿನಿಗೆ ಹೋಗುವುದು ಆಯಿಲ್ ಇಲ್ಲದ ದ್ರವ. ನಿಮ್ಮ ಪೆಟ್ರೋಲಿನಲ್ಲಿ ಎಷ್ಟು ಎಥೆನಾಲ್ ಇದೆ ಎಂದು ನೋಡಬೇಕಿದ್ದರೆ ಅಳತೆ ಗೆರೆಗಳಿರುವ ಬಾಟಲಿಗೆ ಆಯಿಲ್ ಬೆರೆಸದ ಪೆಟ್ರೋಲ್ 100 ಮಿ.ಲೀ., ನೀರು 10 ಮಿ.ಲೀ. ಹಾಕಿ ಕುಲುಕಿ ಇಡಿ. ತಳದ ಪದರ 10ರಲ್ಲೇ ನಿಂತರೆ ಎಥೆನಾಲ್ ಇಲ್ಲ. 30ರ ಹತ್ತಿರ ಏರಿದರೆ ಸುಮಾರು ಶೇ 20 ಇದೆ. ಪೆಟ್ರೋಲನ್ನು ಸ್ಟಾರ್ಟ್ ಮಾಡಲು ಮಾತ್ರ ಬಳಸುವ ನಮ್ಮ ದೋಣಿಗಳಲ್ಲಿ ಚಿಕ್ಕ ಟ್ಯಾಂಕಿನ ಎರಡು ಲೀಟರ್ ತಿಂಗಳುಗಟ್ಟಲೆ ಉಳಿಯುವುದುಂಟು. ಉಳಿಸಬೇಡಿ. ವಾರಕ್ಕೆ ಬೇಕಾದಷ್ಟೇ ತಂದು, ಟ್ಯಾಂಕ್ ಆದಷ್ಟು ತುಂಬಿರುವಂತೆ, ಮುಚ್ಚಿ ಇಡಿ.

ಸೀಮೆಎಣ್ಣೆ ಇಂಜಿನ್ ಓಡಿಸುವ ಕ್ರಮದಲ್ಲೇ ಬೆಳಗಿನ ಸ್ಟಾರ್ಟಿಂಗ್ ಟ್ರಬಲ್ಲಿನ ದೊಡ್ಡ ಪಾಲು ಅಡಗಿದೆ. ಸೀಮೆಎಣ್ಣೆ ತಣ್ಣಗಿರುವಾಗ ಆವಿಯಾಗುವುದಿಲ್ಲ. ತಣ್ಣನೆಯ ಸಿಲಿಂಡರಿಗೆ ಹೋದ ಸೀಮೆಎಣ್ಣೆ ಹನಿಯಾಗಿ ಗೋಡೆಗಂಟಿ, ಪ್ಲಗ್ಗನ್ನು ನೆನೆಸಿ, ಅಲ್ಲಿದ್ದ ಆಯಿಲ್ಲನ್ನೂ ತೊಳೆದುಹಾಕುತ್ತದೆ. ಆದ್ದರಿಂದಲೇ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಮೂರರಿಂದ ಐದು ನಿಮಿಷ ಬಿಸಿಯಾಗಲು ಬಿಟ್ಟು, ಆಮೇಲೆ ಕಾಕ್ ಸೀಮೆಎಣ್ಣೆಗೆ ತಿರುಗಿಸುವುದು. ಇದು ಎಲ್ಲರಿಗೂ ಗೊತ್ತು. ಮರೆಯುವುದು ವಾಪಸ್ ಬರುವಾಗಿನ ಅರ್ಧವನ್ನು. ದಡ ಮುಟ್ಟುವ ನಾಲ್ಕು ನಿಮಿಷ ಮೊದಲೇ ಪೆಟ್ರೋಲಿಗೆ ತಿರುಗಿಸಿ, ಪೈಪ್ ಮತ್ತು ಬೌಲಿನಲ್ಲಿರುವ ಸೀಮೆಎಣ್ಣೆ ಪೂರ್ತಿ ಉರಿದು ಪೆಟ್ರೋಲ್ ತುಂಬಿಕೊಂಡ ಮೇಲೆ ಇಂಜಿನ್ ನಿಲ್ಲಿಸಬೇಕು. ಸೀಮೆಎಣ್ಣೆಯಲ್ಲೇ ಗಕ್ಕನೆ ನಿಲ್ಲಿಸಿದರೆ ಮರುದಿನ ಬೆಳಿಗ್ಗೆ ನೀವು ಕಾಕ್ ಪೆಟ್ರೋಲಿಗೆ ಇಟ್ಟಿದ್ದರೂ ಬೌಲಿನಲ್ಲಿರುವುದು ನಿನ್ನೆಯ ಸೀಮೆಎಣ್ಣೆ. ಎಳೆದಷ್ಟೂ ಪ್ಲಗ್ ನೆನೆಯುತ್ತದೆ. ಹಾಗೆ ಆಗಿಹೋಗಿದ್ದರೆ ಬೌಲ್ ಡ್ರೈನ್ ಮಾಡಿ, ಬಲ್ಬ್ ಹಿಚುಕಿ ಪೆಟ್ರೋಲ್ ತುಂಬಿಸಿ, ಪ್ಲಗ್ ಒರೆಸಿ ಹಾಕಿ, ನಂತರ ಎಳೆಯಿರಿ.

ಆಯಿಲ್ ಪೆಟ್ರೋಲಿಗೂ ಬೇಕು, ಸೀಮೆಎಣ್ಣೆಗೂ ಬೇಕು. 50:1 ಅಂದರೆ ಲೀಟರಿಗೆ 20 ಮಿ.ಲೀ., 30:1 ಅಂದರೆ 33 ಮಿ.ಲೀ., 25:1 ಅಂದರೆ 40 ಮಿ.ಲೀ. ನಿಮ್ಮ ಇಂಜಿನಿಗೆ ಯಾವುದು ಎಂಬುದನ್ನು ಕೈಪಿಡಿಯೇ ಹೇಳಬೇಕು, ಪಕ್ಕದ ದೋಣಿಯವರಲ್ಲ. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯು3 ಎಂದಿರುವ ಔಟ್‌ಬೋರ್ಡ್ ಆಯಿಲ್ಲನ್ನೇ ಹಾಕಿ. ಅಂದಾಜಿಗೆ ಸುರಿದರೆ ಹೆಚ್ಚಾದದ್ದು ಪ್ಲಗ್ಗಿನ ಮೇಲೆ ಮಸಿಯಾಗುತ್ತದೆ, ಕಡಿಮೆಯಾದದ್ದು ಪಿಸ್ಟನ್ ತಿನ್ನುತ್ತದೆ. ಪೆಟ್ರೋಲಿಗಾಗಿಯೇ ಮಾಡಿದ ಇಂಜಿನಿಗೆ ಸೀಮೆಎಣ್ಣೆ ಹಾಕಿ ಓಡಿಸುವವರೂ ಇದ್ದಾರೆ. ಸೀಮೆಎಣ್ಣೆಯ ಆಕ್ಟೇನ್, ಅಂದರೆ ಒತ್ತಡದಲ್ಲಿ ತಾನಾಗಿ ಸಿಡಿಯದೆ ತಡೆಯುವ ಗುಣ, ಕಡಿಮೆ. ಅದಕ್ಕೆಂದೇ ಸೀಮೆಎಣ್ಣೆ ಮಾಡೆಲ್‌ಗಳಲ್ಲಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ತಗ್ಗಿಸಿರುತ್ತಾರೆ. ತಗ್ಗಿಸದ ಇಂಜಿನಿನಲ್ಲಿ ಅದು ಹೊತ್ತಿಗೆ ಮುಂಚೆಯೇ ಸಿಡಿದು, ಒಳಗೆ ಗೋಲಿ ಅಲ್ಲಾಡಿದಂತೆ ಕಟಕಟ ಸದ್ದು ಮಾಡಿ, ಕೊನೆಗೆ ಪಿಸ್ಟನ್ ತಲೆಗೆ ತೂತು ಹಾಕುತ್ತದೆ.

ಎಣ್ಣೆ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಪ್ಲಗ್. ಎರಡನ್ನೂ ಬಿಚ್ಚಿ, ಯಾವುದು ಮೇಲಿನದು ಯಾವುದು ಕೆಳಗಿನದು ಎಂಬುದು ತಪ್ಪದಂತೆ ಪಕ್ಕಪಕ್ಕ ಇಡಿ. ಎರಡೂ ಒಣಗಿದ್ದರೆ ಎಣ್ಣೆ ಸಿಲಿಂಡರಿಗೆ ಹೋಗುತ್ತಿಲ್ಲ. ಎರಡೂ ಒದ್ದೆಯಾಗಿದ್ದರೆ ಕಿಡಿ ಇಲ್ಲ ಅಥವಾ ಚೋಕ್ ಎಳೆದು ಎಳೆದು ಓವರ್ ಆಗಿದೆ. ಒಂದು ಒದ್ದೆ ಇನ್ನೊಂದು ಚಹಾದ ಬಣ್ಣ ಎಂದಾದರೆ ಒದ್ದೆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ, ಮಿಸ್ ಹೊಡೆತಕ್ಕೆ ಕಾರಣ ಅದೇ. ಸುಣ್ಣದಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚಾಗಿ ಎಣ್ಣೆ ಕಡಿಮೆಯಾಗಿದೆ ಅಥವಾ ಇಂಜಿನ್ ವಿಪರೀತ ಬಿಸಿಯಾಗುತ್ತಿದೆ; ಇಂಥ ಪ್ಲಗ್ ಕಂಡರೆ ಆ ದಿನ ಕಡಲಿಗೆ ಹೋಗಬೇಡಿ. ಪ್ಲಗ್ ಕೊಳ್ಳುವಾಗ ನಂಬರ್ ಪೂರ್ತಿ ಓದಿ. ಎನ್‌ಜಿಕೆ ಬಿ7ಎಚ್‌ಎಸ್-10 ಎಂಬುದರಲ್ಲಿ ಕೊನೆಯ 10 ಅಂದರೆ 1.0 ಮಿ.ಮೀ. ಗ್ಯಾಪ್. ಆ ಬಾಲವಿಲ್ಲದ ಬಿ7ಎಚ್‌ಎಸ್ ಅದಕ್ಕಿಂತ ಕಿರಿದಾದ ಗ್ಯಾಪಿನದು. ನಡುವಿನ ಅಂಕಿ ಶಾಖದ ಮಟ್ಟ: ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಾದಷ್ಟೂ ಪ್ಲಗ್ ತಂಪು. ತಂಪು ಪ್ಲಗ್ ಹಾಕಿದರೆ ಸೀಮೆಎಣ್ಣೆಯ ಮಸಿ ಸುಟ್ಟುಹೋಗದೆ ಕೂರುತ್ತದೆ, ಬಿಸಿ ಪ್ಲಗ್ ಹಾಕಿದರೆ ಪಿಸ್ಟನ್ನಿಗೆ ಕಷ್ಟ. ಇಂಜಿನಿಗೆ ಹೇಳಿದ ನಂಬರನ್ನೇ ಹಾಕಿ.

ಕಿಡಿ ನೋಡುವಾಗ ಎರಡು ಎಚ್ಚರಿಕೆ. ಪ್ಲಗ್ ತೂತುಗಳಿಂದ ಎಣ್ಣೆಯ ಆವಿ ಹೊರಬರುತ್ತದೆ. ಕಿಡಿ ಹಾರುವ ಜಾಗ ಅದರಿಂದ ದೂರವಿರಲಿ, ತೂತಿಗೆ ಒಣಬಟ್ಟೆ ಒತ್ತಿಡಿ, ದೋಣಿಯ ತಳದಲ್ಲಿ ಚೆಲ್ಲಿದ ಪೆಟ್ರೋಲ್ ಮೊದಲೇ ಒರೆಸಿ. ಎರಡನೆಯದು, ಪ್ಲಗ್ ಕ್ಯಾಪ್‌ಗಳನ್ನು ಗಾಳಿಯಲ್ಲಿ ತೂಗಾಡಲು ಬಿಟ್ಟು ಹಗ್ಗ ಎಳೆಯಬೇಡಿ. ಕಿಡಿಗೆ ಹೋಗಲು ದಾರಿಯಿಲ್ಲದೆ ಕಿಡಿ ಹುಟ್ಟಿಸುವ ಸಿಡಿಐ ಯೂನಿಟ್ಟೇ ಸುಡಬಹುದು. ಎರಡೂ ಪ್ಲಗ್ ಕ್ಯಾಪಿನಲ್ಲಿರಲಿ, ಲೋಹದ ಭಾಗ ಇಂಜಿನ್ ಬಾಡಿಗೆ ಒತ್ತಿರಲಿ. ದಪ್ಪನೆಯ, ನೀಲಿ ಛಾಯೆಯ, ಚಟ್ ಎಂದು ಕೇಳಿಸುವ ಕಿಡಿ ಬೇಕು. ಕೆಂಪಗೆ, ಕೂದಲೆಳೆಯಂತೆ ಕಂಡರೆ ಸಿಲಿಂಡರಿನ ಒತ್ತಡದಲ್ಲಿ ಅದು ಉಳಿಯುವುದಿಲ್ಲ.

ಎರಡರಲ್ಲೂ ಕಿಡಿ ಇಲ್ಲದಿದ್ದರೆ ಹೊಸ ಸಿಡಿಐ ತರಲು ಪೇಟೆಗೆ ಓಡುವ ಮೊದಲು ಸ್ಟಾಪ್ ಸ್ವಿಚ್ಚಿನ ವೈರನ್ನು ಸಿಡಿಐ ಹತ್ತಿರ ಕಳಚಿ ಮತ್ತೆ ಎಳೆದು ನೋಡಿ. ಕಿಡಿ ಬಂದರೆ ಸ್ವಿಚ್ಚಿನೊಳಗೆ ಉಪ್ಪುನೀರು ಹೋಗಿ ಶಾರ್ಟ್ ಆಗಿದೆ, ಅಷ್ಟೇ. ಆ ವೈರ್ ಬಿಚ್ಚಿಟ್ಟುಕೊಂಡು ಇಂಜಿನ್ ಓಡಿಸಿದರೆ ಸ್ವಿಚ್ ಒತ್ತಿದರೂ ನಿಲ್ಲುವುದಿಲ್ಲ, ಚೋಕ್ ಎಳೆದು ನಿಲ್ಲಿಸಬೇಕು ಎಂಬುದು ನೆನಪಿರಲಿ. ಹಾಗೆಯೇ ಕಡಲಿಗೆ ಹೋಗುವ ಯೋಚನೆ ಬೇಡ, ಆಳು ನೀರಿಗೆ ಬಿದ್ದಾಗ ಇಂಜಿನ್ ನಿಲ್ಲಿಸುವುದು ಅದೇ ಸ್ವಿಚ್. ಒಂದರಲ್ಲಿ ಮಾತ್ರ ಕಿಡಿ ಇಲ್ಲದಿದ್ದರೆ ಪ್ಲಗ್ಗನ್ನು ಅದಲು ಬದಲು ಮಾಡಿ. ದೋಷ ಪ್ಲಗ್ಗಿನ ಜೊತೆ ಹೋದರೆ ಪ್ಲಗ್ ಕೆಟ್ಟಿದೆ. ಹೋಗದಿದ್ದರೆ ಕ್ಯಾಪ್ ತಿರುಗಿಸಿ ಬಿಚ್ಚಿ. ವೈರಿನ ತುದಿಯಲ್ಲಿ ತಾಮ್ರ ಹಸಿರಾಗಿ ಪುಡಿಯಾಗಿರುವುದು ಉಪ್ಪುನೀರಿನ ಇಂಜಿನ್‌ಗಳಲ್ಲಿ ತೀರಾ ಸಾಮಾನ್ಯ. ಅರ್ಧ ಸೆಂಟಿಮೀಟರ್ ಕತ್ತರಿಸಿ, ಹೊಳೆಯುವ ತಾಮ್ರಕ್ಕೆ ಕ್ಯಾಪ್ ತಿರುಗಿಸಿ ಕೂರಿಸಿ, ಬುಡಕ್ಕೆ ಗ್ರೀಸ್ ಹಚ್ಚಿದರೆ ಕೆಲಸ ಮುಗಿಯಿತು.

ಇಂಜಿನ್ ಹಿಡಿದಿದೆ, ಆದರೆ ಬಡಬಡ ಎಂದು ಒಂದೇ ಕಾಲಿನಲ್ಲಿ ಕುಂಟುತ್ತಿದೆ ಎಂದಾಗ ಪ್ರೊಪೆಲ್ಲರ್ ನೀರಿನಲ್ಲಿರುವಂತೆ, ಕಡಿಮೆ ವೇಗದಲ್ಲಿ ಓಡಿಸಿ, ಕರೆಂಟ್ ತಾಗದ ಹಿಡಿಕೆಯ ಇಕ್ಕಳದಿಂದ ಒಂದೊಂದೇ ಪ್ಲಗ್ ಕ್ಯಾಪ್ ತೆಗೆದು ತಕ್ಷಣ ಬಾಡಿಗೆ ಮುಟ್ಟಿಸಿ. ಓಡುತ್ತಿರುವ ಸಿಲಿಂಡರಿನದನ್ನು ತೆಗೆದರೆ ಇಂಜಿನ್ ಕುಸಿಯುತ್ತದೆ. ಯಾವುದನ್ನು ತೆಗೆದರೂ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರ್. ಅದಕ್ಕೆ ಕಿಡಿಯಿದ್ದು ಎಣ್ಣೆಯೂ ಇದ್ದರೆ ಮುಂದಿನ ಪ್ರಶ್ನೆ ಕಂಪ್ರೆಷನ್. ಎರಡೂ ಪ್ಲಗ್ ಬಿಚ್ಚಿ, ಅವುಗಳನ್ನು ಬಾಡಿಗೆ ಒತ್ತಿಟ್ಟು, ಥ್ರಾಟಲ್ ಪೂರ್ತಿ ತೆರೆದು, ಗೇಜ್ ಹಾಕಿ ನಾಲ್ಕೈದು ಸಲ ಎಳೆಯಿರಿ. ಸೀಮೆಎಣ್ಣೆ ಇಂಜಿನಿನಲ್ಲಿ ಅಂಕಿ ಪೆಟ್ರೋಲಿನದಕ್ಕಿಂತ ಕಡಿಮೆಯೇ ಬರುತ್ತದೆ, ಹೆದರಬೇಕಾಗಿಲ್ಲ. ನೋಡಬೇಕಾದದ್ದು ಎರಡರ ನಡುವಿನ ವ್ಯತ್ಯಾಸ. ಅದು ಶೇ 10-15 ದಾಟಿದರೆ ಕಡಿಮೆ ಇರುವುದಕ್ಕೆ ಒಂದು ಚಹಾ ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ ಅಥವಾ ಸೀಮೆಎಣ್ಣೆಯ ಮಸಿಗೆ ಅಂಟಿಕೊಂಡಿದೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು.

ಇಷ್ಟೂ ಆದ ಮೇಲೆ ಕಾರ್ಬೊರೇಟರಿನ ಸರದಿ. ಅದು ಕೆಟ್ಟಿದೆಯೇ ಎಂಬುದನ್ನು ಬಿಚ್ಚದೆಯೇ ತಿಳಿಯಬಹುದು. ಚೋಕ್ ಎಳೆದಾಗ ಮಾತ್ರ ಹಿಡಿದು, ಚೋಕ್ ಒತ್ತಿದ ಕೂಡಲೇ ನಿಂತು, ಐಡ್ಲಿಂಗ್ (ಥ್ರಾಟಲ್ ಕೊಡದ ನಿಧಾನ ಓಟ) ನಿಲ್ಲದೆ, ಆದರೆ ಥ್ರಾಟಲ್ ಕೊಟ್ಟರೆ ಚೆನ್ನಾಗಿ ಓಡಿದರೆ ನಿಧಾನ ಓಟಕ್ಕೆ ಎಣ್ಣೆ ಬಿಡುವ ಪೈಲಟ್ ಜೆಟ್ ಕಟ್ಟಿದೆ. ಐಡ್ಲಿಂಗ್ ಸರಿಯಿದ್ದು ಥ್ರಾಟಲ್ ಕೊಟ್ಟರೆ ಮುಗ್ಗರಿಸಿದರೆ ವೇಗದ ಓಟಕ್ಕೆ ಎಣ್ಣೆ ಬಿಡುವ ಮೇನ್ ಜೆಟ್. ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರಿನ ಆಸುಪಾಸಿನದು. ಆರಿದ ಎಣ್ಣೆಯ ಜಿಡ್ಡು ಅರಿಶಿನ ಬಣ್ಣದ ಮೇಣದಂತೆ ಅದರೊಳಗೆ ಕೂತಿರುತ್ತದೆ. ಬೆಳಕಿಗೆ ಹಿಡಿದರೆ ಗುಂಡಗೆ, ಅಂಚು ಚೊಕ್ಕವಾಗಿ ಬೆಳಕು ಕಾಣಬೇಕು. ಅರ್ಧಚಂದ್ರ ಕಂಡರೆ ಇನ್ನೂ ಕೊಳೆಯಿದೆ. ದಯವಿಟ್ಟು ಅದಕ್ಕೆ ಸೂಜಿ, ಬ್ರೇಕ್ ಕೇಬಲ್ಲಿನ ಎಳೆ, ಬಲೆ ಹೊಲಿಯುವ ತಂತಿ ತೂರಿಸಬೇಡಿ. ಜೆಟ್ ಹಿತ್ತಾಳೆಯದು, ಉಕ್ಕು ಅದನ್ನು ಕೆರೆದು ದೊಡ್ಡದು ಮಾಡುತ್ತದೆ. ಆಮೇಲೆ ಯಾವ ಸ್ಕ್ರೂ ತಿರುಗಿಸಿದರೂ ಐಡ್ಲಿಂಗ್ ಸಿಗುವುದಿಲ್ಲ. ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಸಿ, ಪಂಚರ್ ಅಂಗಡಿಯ ಗಾಳಿ ಹೊಡೆಸಿ, ಬೇಕಾದರೆ ನೈಲಾನ್ ಎಳೆ ತೂರಿಸಿ. ಗಾಳಿ ಹೊಡೆಯುವ ಮೊದಲು ಫ್ಲೋಟ್ ಮತ್ತು ನೀಡಲ್ ಹೊರಗೆ ತೆಗೆದಿರಲಿ.

ಪೈಲಟ್ ಸ್ಕ್ರೂ ಬಿಚ್ಚುವ ಮೊದಲು ಅದನ್ನು ಬೆರಳ ಬಲದಲ್ಲಿ ಮೆಲ್ಲನೆ ಪೂರ್ತಿ ಒಳಗೆ ತಿರುಗಿಸುತ್ತ ಎಷ್ಟು ಸುತ್ತು ಹೋಯಿತೆಂದು ಎಣಿಸಿ ಬರೆದಿಡಿ. ಒತ್ತಿ ಬಿಗಿದರೆ ಚೂಪು ತುದಿಗೆ ಉಂಗುರದಂಥ ಗಾಯವಾಗುತ್ತದೆ. ಜೋಡಿಸುವಾಗ ಅಷ್ಟೇ ಸುತ್ತು ಹೊರಕ್ಕೆ. ಹಿಂದೆ ಯಾರೋ ಹೇಗೋ ತಿರುಗಿಸಿಟ್ಟಿದ್ದರೆ ಒಂದೂವರೆ ಸುತ್ತಿನಿಂದ ಶುರುಮಾಡಿ, ಇಂಜಿನ್ ಬಿಸಿಯಾದ ಮೇಲೆ ನೀರಿನಲ್ಲಿ, ಗೇರ್ ಹಾಕಿ, ಕಾಲು ಸುತ್ತು ಕಾಲು ಸುತ್ತಾಗಿ ಸರಿಮಾಡಿ. ಡ್ರಮ್ಮಿನಲ್ಲಿ ಗೇರಿಲ್ಲದೆ ಹೊಂದಿಸಿದ ಐಡ್ಲಿಂಗ್ ದೋಣಿಗೆ ಕಟ್ಟಿದ ಮೇಲೆ ನಿಲ್ಲುವುದಿಲ್ಲ. ಸ್ವಚ್ಛ ಮಾಡಿದ ಮೇಲೂ ಕಾರ್ಬೊರೇಟರಿನ ಬಾಯಿಂದ ಎಣ್ಣೆಯ ಮಂಜು ಹಿಂದಕ್ಕೆ ಉಗುಳುತ್ತಿದ್ದರೆ ಅದರ ಹಿಂದಿರುವ ರೀಡ್ ವಾಲ್ವಿನ ಪಟ್ಟಿ ಮುರಿದಿದೆ ಅಥವಾ ಸೆಟೆದು ನಿಂತಿದೆ.

ಥರ್ಮೋಸ್ಟಾಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಉಪ್ಪು ಕಟ್ಟಿ ಸಿಕ್ಕಿಕೊಳ್ಳುತ್ತದೆಂದು ಅದನ್ನು ಕಿತ್ತು ಬಿಸಾಡುವ ಅಭ್ಯಾಸ ಬೆಳೆದಿದೆ. ಸೀಮೆಎಣ್ಣೆ ಇಂಜಿನಿಗೆ ಇದು ಹಾನಿಕರ. ಸಾಮಾನ್ಯವಾಗಿ 50 ಡಿಗ್ರಿಯ ಆಸುಪಾಸಿನಲ್ಲಿ ತೆರೆಯತೊಡಗುವ ಈ ಪುಟ್ಟ ವಾಲ್ವ್ ಇಂಜಿನನ್ನು ಸೀಮೆಎಣ್ಣೆ ಆವಿಯಾಗುವಷ್ಟು ಬಿಸಿಯಾಗಿ ಇಡುತ್ತದೆ. ಅದಿಲ್ಲದೆ ಮಳೆಗಾಲದ ತಣ್ಣೀರು ಸದಾ ಹರಿಯುತ್ತಿದ್ದರೆ ಇಂಜಿನ್ ಎಷ್ಟು ಹೊತ್ತು ಓಡಿದರೂ ಬಿಸಿಯೇರುವುದಿಲ್ಲ, ಪ್ಲಗ್ ಕಪ್ಪಾಗುತ್ತದೆ, ನಿಧಾನಕ್ಕೆ ಓಡಿಸುವಾಗ ಮಿಸ್ ಹೊಡೆಯುತ್ತದೆ. ಬಿಸಾಡುವ ಬದಲು ಪಾತ್ರೆಯ ಬಿಸಿನೀರಿನಲ್ಲಿ ತೂಗುಹಾಕಿ ತೆರೆಯುತ್ತದೆಯೇ ನೋಡಿ. ತೆರೆಯದಿದ್ದರೆ ಹೊಸದು ಹಾಕಿ. ಪ್ರತಿದಿನ ಬಂದ ಮೇಲೆ ಸಿಹಿನೀರಿನಲ್ಲಿ ಹತ್ತು ನಿಮಿಷ ಓಡಿಸಿದರೆ ಉಪ್ಪು ಕಟ್ಟುವುದು ಬಹಳ ಕಡಿಮೆಯಾಗುತ್ತದೆ.

ಕಲ್ಲಿಗೆ ಹೊಡೆದ ಮೇಲೆ ಸ್ಟಾರ್ಟಿಂಗ್ ಕಷ್ಟವಾಗಿ, ಹಗ್ಗ ಕೈಯನ್ನು ಹಿಂದಕ್ಕೆ ಜಗ್ಗುವಂತಾದರೆ ಫ್ಲೈವೀಲಿನ ಕೀ ತುಂಡಾಗಿ ಟೈಮಿಂಗ್ ತಪ್ಪಿರಬಹುದು. ಇಂಜಿನ್ ಜೋರಾಗಿ ತಿರುಗಿ ದೋಣಿ ಮಾತ್ರ ಮುಂದೆ ಹೋಗದಿದ್ದರೆ ಪ್ರೊಪೆಲ್ಲರಿನ ರಬ್ಬರ್ ಬುಷ್ ಜಾರಿದೆ, ಇಂಜಿನ್ ಬಿಚ್ಚಬೇಡಿ.

ಅಲೆಗೆ ಸಿಕ್ಕಿ ಇಂಜಿನ್ ಮುಳುಗಿದರೆ ಗಡಿಯಾರ ನೋಡಿ ಕೆಲಸ ಮಾಡಬೇಕು. ನೀರಿನಿಂದ ಹೊರಬಂದು ಗಾಳಿ ತಾಗಿದ ಕ್ಷಣದಿಂದ ಬೇರಿಂಗ್ ತುಕ್ಕು ಹಿಡಿಯತೊಡಗುತ್ತದೆ. ಮುಚ್ಚಳ ತೆಗೆದು ಸಿಹಿನೀರಿನಲ್ಲಿ ಧಾರಾಳ ತೊಳೆಯಿರಿ. ಪ್ಲಗ್ ಬಿಚ್ಚಿ, ತೂತು ಕೆಳಮುಖವಾಗಿಸಿ, ಹಗ್ಗ ಮೆಲ್ಲನೆ ಎಳೆದು ನೀರು ಹೊರಹಾಕಿ. ಎಳೆಯುವಾಗ ಕರಕರ ಎಂದರೆ ಮರಳು ಒಳಗಿದೆ, ಅಲ್ಲಿಗೇ ನಿಲ್ಲಿಸಿ, ಅದನ್ನು ಪೂರ್ತಿ ಬಿಚ್ಚಲೇಬೇಕು. ಇಲ್ಲವಾದರೆ ಪ್ಲಗ್ ತೂತು ಮತ್ತು ಕಾರ್ಬೊರೇಟರಿನ ಬಾಯಿಗೆ ಟೂ-ಸ್ಟ್ರೋಕ್ ಆಯಿಲ್ ಹಾಕಿ ಮತ್ತೆ ಹತ್ತಾರು ಸಲ ಎಳೆದು, ಕಾರ್ಬೊರೇಟರ್ ಮತ್ತು ಪೈಪಿನಲ್ಲಿದ್ದ ಎಣ್ಣೆ ಚೆಲ್ಲಿ, ಹೊಸ ಎಣ್ಣೆಯಲ್ಲಿ ಅಂದೇ ಅರ್ಧ ಗಂಟೆಯಾದರೂ ಓಡಿಸಿ. ಅಂದು ಮೆಕ್ಯಾನಿಕ್ ಸಿಗುವುದಿಲ್ಲವೆಂದಾದರೆ ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ ಇಂಜಿನನ್ನು ಪೂರ್ತಿ ಮುಳುಗಿಸಿಯೇ ಇಡಿ. ವಿಚಿತ್ರವೆನಿಸಬಹುದು, ಆದರೆ ಗಾಳಿ ತಾಗದಿದ್ದರೆ ತುಕ್ಕಿನ ವೇಗ ತಗ್ಗುತ್ತದೆ. ಜಗುಲಿಯಲ್ಲಿ ಒರೆಸಿ ಒಣಗಿಸಿಟ್ಟ ಇಂಜಿನ್ ಮರುದಿನ ತಿರುಗದೆಯೂ ಇರಬಹುದು.

ಮೀನುಗಾರಿಕೆ ಇಲಾಖೆಗೆ ಮತ್ತು ಸೊಸೈಟಿಗಳಿಗೆ ಎರಡು ಬೇಡಿಕೆ. ಸೀಮೆಎಣ್ಣೆ ವಿತರಿಸುವ ಜಾಗದಲ್ಲಿ ನೀರು ಪತ್ತೆ ಮಾಡುವ ಪೇಸ್ಟ್ ಇಡಬೇಕು. ಪೆಟ್ರೋಲ್ ಬಂಕ್‌ಗಳಲ್ಲಿ ಅಳತೆ ಕೋಲಿಗೆ ಹಚ್ಚುವ ಈ ಪೇಸ್ಟ್ ನೀರು ತಾಗಿದಷ್ಟು ಎತ್ತರಕ್ಕೆ ಬಣ್ಣ ಬದಲಿಸುತ್ತದೆ. ಎಣ್ಣೆ ಕೊಡುವ ಮುನ್ನ ಪ್ರತಿ ಟ್ಯಾಂಕಿನ ತಳವನ್ನು ಎಲ್ಲರ ಎದುರೇ ಪರೀಕ್ಷಿಸಬೇಕು. ಎರಡನೆಯದಾಗಿ, ಮೇ ತಿಂಗಳ ಎರಡನೇ ವಾರದೊಳಗೆ ಶಿರೂರು, ಉಪ್ಪುಂದ, ಮರವಂತೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿಯಂಥ ನಾಡದೋಣಿ ಕೇಂದ್ರಗಳಲ್ಲಿ ಒಂದೊಂದು ದಿನದ ಇಂಜಿನ್ ತಪಾಸಣೆ ಶಿಬಿರ ನಡೆಸಬೇಕು. ಒಂದು ಕಂಪ್ರೆಷನ್ ಗೇಜು, ಒಂದು ಸ್ಪಾರ್ಕ್ ಟೆಸ್ಟರ್, ಗಾಳಿ ಹೊಡೆಯುವ ಪಂಪು, ನೀರಿನ ಡ್ರಮ್ಮು, ನಾಲ್ಕು ಬಾಟಲಿ ಇದ್ದರೆ ಒಂದು ದಿನದಲ್ಲಿ ಹತ್ತಾರು ಇಂಜಿನ್ ನೋಡಬಹುದು.

ಅಲ್ಲಿಯವರೆಗೆ ಪ್ರತಿ ದೋಣಿಯಲ್ಲೂ ನೀರು ಹೋಗದ ಡಬ್ಬಿಯೊಂದರಲ್ಲಿ ಸರಿಯಾದ ನಂಬರಿನ ಎರಡು ಹೊಸ ಪ್ಲಗ್, ಪ್ಲಗ್ ಪಾನಾ, ಸ್ಕ್ರೂಡ್ರೈವರ್, ಇಕ್ಕಳ, ಸ್ಟಾರ್ಟರ್ ಹಗ್ಗ, ಸ್ಟಾಪ್ ಸ್ವಿಚ್ಚಿನ ಹೆಚ್ಚುವರಿ ಕ್ಲಿಪ್, ಪಂಪಿನ ಡಯಾಫ್ರಾಮ್, ಒಣಬಟ್ಟೆ ಮತ್ತು ಒಂದು ಖಾಲಿ ಗಾಜಿನ ಬಾಟಲಿ ಇರಲಿ. ಡಬ್ಬಿಯ ಪಕ್ಕದಲ್ಲಿ ಎರಡು ಹುಟ್ಟು ಮತ್ತು ಲಂಗರು.

ಇತಿ,
ಔಟ್‌ಬೋರ್ಡ್ ಇಂಜಿನ್ ಮೆಕ್ಯಾನಿಕ್‌ಗಳು,
ಉಡುಪಿ ಜಿಲ್ಲೆ